ಗುಡ್ಡದ ಫ್ಯಾನಿಗೆ ಹೊಲ ಕೊಡಬೇಕೋ, ಬ್ಯಾಡೋ?

ನನ್ನ ಊರು ಬಳಗಾನೂರು. ಮೊದಲು ಸಿಂಧನೂರು ತಾಲ್ಲೂಕಿನಲ್ಲಿತ್ತು, ಈಗ ಮಸ್ಕಿ ತಾಲ್ಲೂಕು. ನನಗಿರುವುದು ಏಳು ಎಕರೆ. ನಾಲ್ಕು ಎಕರೆ ಎರೆ, ಮೂರು ಎಕರೆ ಮಸಾರಿ. ಎರೆ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ. ಮಸಾರಿಯಲ್ಲಿ ಮುಂಗಾರಿಗೆ ಸಜ್ಜೆ, ನಡುನಡುವೆ ತೊಗರಿ ಸಾಲು. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ಸೀಮೆಯಲ್ಲೇ ಹಾದು ಹೋಗಿದೆ. ಆದರೆ ನನ್ನ ಹೊಲ ಕಾಲುವೆಗಿಂತ ಎತ್ತರ. ನೀರು ಮೇಲಕ್ಕೆ ಹತ್ತುವುದಿಲ್ಲ. ಹಾಗಾಗಿ ನಮ್ಮಪ್ಪನ ಕಾಲದಿಂದಲೂ ನಾವು ಮಳೆ ನಂಬಿದವರು.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಒಬ್ಬ ಹುಡುಗ ಮೋಟರ್ ಸೈಕಲ್ ಮೇಲೆ ಮನೆಗೆ ಬಂದ. ಕಂಪನಿಯ ಏಜೆಂಟ್. ದಿಬ್ಬದ ಮೇಲಿನ ನನ್ನ ಮೂರು ಎಕರೆ ಮಸಾರಿ ಗಾಳಿ ಫ್ಯಾನು ನಿಲ್ಲಿಸೋದಕ್ಕೆ ಬೇಕಂತೆ. ಎಕರೆಗೆ ವರ್ಷಕ್ಕೆ 28 ಸಾವಿರ ರೂಪಾಯಿ. ಮೂರು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಕರಾರು 29 ವರ್ಷ 11 ತಿಂಗಳು. ಕೈಯಲ್ಲಿ ಬಾಂಡ್ ಪೇಪರ್ ಹಿಡಿದುಕೊಂಡೇ ಬಂದಿದ್ದ. ಅಡ್ವಾನ್ಸ್ ಚೆಕ್ಕೂ ಇತ್ತು.

ಮಗ ಅಂದ, "ಅಪ್ಪ, ಕೊಟ್ಟುಬಿಡೂನು. ಆ ಮಸಾರಿ ಹೊಲ ನಮಗೇನು ಕೊಟ್ಟೈತಿ? ಮಳಿ ಆದ್ರ ಆತು, ಇಲ್ಲಂದ್ರ ಬೀಜ ಸಹಿತ ಹೋಗ್ತದ. ವರ್ಷಾ ಕುಂತಲ್ಲೇ 84 ಸಾವಿರ ಬಂದ್ರ ನಾ ಬೆಂಗಳೂರಿಗೆ ದುಡಿಯಾಕ ಹೋಗೋದು ತಪ್ಪತದ."

ಅವನ ಮಾತು ಸುಳ್ಳಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಅವನು ಹೆಂಡತಿ ಮಕ್ಕಳನ್ನು ಬಿಟ್ಟು ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ. ಆದರೆ ನಮ್ಮ ಮನೆಯಾಕೆ ಒಳಗಿನಿಂದಲೇ ಕೇಳಿದಳು, "ಎತ್ತಿಗೆ ಮೇವು ಎಲ್ಲಿಂದ ತರ್ತೀರಿ?" ನನಗೆ ಈಗ 56. ಕರಾರು ಮುಗಿಯುವಾಗ 86 ಆಗುತ್ತದೆ, ಬದುಕಿದ್ದರೆ. ಅಂದರೆ ನಾನು ಸಹಿ ಹಾಕಿದ್ದು ನನ್ನ ಮೊಮ್ಮಗನ ಹೊಲಕ್ಕೆ. ಒಂದು ತಿಂಗಳು ಬಿಟ್ಟು ಬಾ ತಮ್ಮಾ ಅಂತ ಏಜೆಂಟನನ್ನು ಕಳಿಸಿದೆ. ಆ ತಿಂಗಳು ನಾಲ್ಕು ಆಯಿತು. ಅಷ್ಟರಲ್ಲಿ ನಾನು ನೋಡಿದ್ದು, ಕೇಳಿದ್ದು, ಲೆಕ್ಕ ಹಾಕಿದ್ದು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಗೂ ನಾಳೆ ಇಂಥ ಮೋಟರ್ ಸೈಕಲ್ ಬರಬಹುದು.

ಮೊದಲು ಮುನಿರಾಬಾದ್

ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗುವುದು ನಮ್ಮ ಮನೆಯ ರೂಢಿ. ಈ ಸಲ ಕಾಯಿ ಒಡೆಸಿದ ಮೇಲೆ ಪಕ್ಕದ ಮುನಿರಾಬಾದ್ ಕಡೆ ನಡೆದೆ. ಎಷ್ಟು ವರ್ಷದಿಂದ ಹೋಗುತ್ತಿದ್ದರೂ ಅಲ್ಲಿನ ಕರೆಂಟಿನ ಮನೆ ಬಗ್ಗೆ ನಾನು ವಿಚಾರ ಮಾಡಿದವನೇ ಅಲ್ಲ.

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. ಒಂದು ದಂಡೆ ಆಗಿನ ಮದ್ರಾಸಿನದು, ಇನ್ನೊಂದು ದಂಡೆ ಹೈದರಾಬಾದ್ ನಿಜಾಮನದು. ನಮ್ಮ ರಾಯಚೂರು ಸೀಮೆ ನಿಜಾಮನ ಕಡೆ. 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ರಾಯಚೂರು ಕಡೆ ಹೋಗುತ್ತದೆ. ಈ ಕಾಲುವೆಗೆ ಬಿಡುವ ನೀರು ಮೊದಲು ದೊಡ್ಡ ಪೈಪಿನಲ್ಲಿ ಇಳಿದು ಮುನಿರಾಬಾದಿನ ಟರ್ಬೈನ್ ತಿರುಗಿಸುತ್ತದೆ. ಆಮೇಲೆ ಕಾಲುವೆಗೆ ಬೀಳುತ್ತದೆ. 1962ರಲ್ಲಿ ಶುರುವಾದ ಕೇಂದ್ರ. ಒಂಬತ್ತು ಮೆಗಾವ್ಯಾಟಿನ ಎರಡು ಯಂತ್ರ, ಹತ್ತರದು ಒಂದು, ಒಟ್ಟು 28 ಮೆಗಾವ್ಯಾಟ್. ಕಾಲುವೆಗೆ ನೀರು ಬಿಟ್ಟರೆ ಕರೆಂಟು, ಬಿಡದಿದ್ದರೆ ಇಲ್ಲ. ಕೆಳಗೆ ಸಿರವಾರ, ಗಣೇಕಲ್, ಕಲ್ಮಲಾಗಳಲ್ಲಿಯೂ ಕಾಲುವೆ ನೀರು ಬೀಳುವ ಕಡೆ ಸಣ್ಣ ಸಣ್ಣ ಕೇಂದ್ರ ಕಟ್ಟಿದ್ದಾರೆ. ಒಂದೇ ನೀರು ದಾರಿಯುದ್ದಕ್ಕೂ ದುಡಿದುಕೊಂಡು ಹೋಗುತ್ತದೆ.

ಗುಡಿ ಮುಂದೆ ಕಾಯಿ ಮಾರುವ ಅಜ್ಜನೊಬ್ಬ ಡ್ಯಾಮಿನ ಕಡೆ ಕೈ ಮಾಡಿ ಅಂದ, "ನಮ್ಮಪ್ಪನ ಊರು ಆ ನೀರಾಗ ಐತ್ರಿ." ಆ ಅಣೆಕಟ್ಟಿಗೆ ಸುಮಾರು 90 ಊರು ಹೋದವು, 54 ಸಾವಿರ ಜನ ಮನೆ ಬಿಟ್ಟರು. "ರೊಕ್ಕ ಕೊಟ್ಟಿರಬೇಕಲ್ಲಜ್ಜಾ?" ಅಂದೆ. "ಒಂದ್ಸಲ ಕೊಟ್ರಂತ. ಅದು ಮದುವಿಗೆ ಹೋತು. ನೀರು ಇನ್ನಾ ಐತಿ" ಅಂದ.

ಆ ಮಾತು ನನ್ನ ತಲೆಯಲ್ಲಿ ಕುಂತಿತು. ಭೂಮಿ ಕೊಟ್ಟವನಿಗೆ ಒಂದು ಸಲ ರೊಕ್ಕ. ಯಂತ್ರ ನಿಲ್ಲಿಸಿದವನಿಗೆ ಯಂತ್ರ ತಿರುಗುವ ತನಕ ರೊಕ್ಕ. ಹಾಗಂತ ಡ್ಯಾಮು ಬ್ಯಾಡಿತ್ತು ಅಂತ ನಾನು ಹೇಳುವುದಿಲ್ಲ. ಸಿಂಧನೂರು, ಗಂಗಾವತಿ ಇವತ್ತು ಭತ್ತದ ಸೀಮೆ ಆಗಿರುವುದು ಆ ನೀರಿನಿಂದಲೇ. ಆದರೆ ಲಾಭ ಆದವರು ಒಂದು ಕಡೆ, ಕಳಕೊಂಡವರು ಇನ್ನೊಂದು ಕಡೆ.

ದೀಪದ ಕೆಳಗೆ ಕತ್ತಲು

ನಮ್ಮ ರಾಜ್ಯದ ಕರೆಂಟಿನ ಕಥೆ ಮೊದಲಿನಿಂದಲೂ ಹೀಗೇ ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ಹುಟ್ಟಿಸಿದರು. ಅದು ಹೋಗಿದ್ದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿ ಹಾದು ಹೋದ ಹಳ್ಳಿಗಳು ಎಷ್ಟೋ ಕಾಲ ಚಿಮಣಿ ಬುಡ್ಡಿಯಲ್ಲೇ ಇದ್ದವು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ. ಎಂಟು ಘಟಕ ಸೇರಿ 1720 ಮೆಗಾವ್ಯಾಟಿನ ಕೇಂದ್ರ ಅದು. ಆದರೂ ರಾತ್ರಿ ಪಂಪ್‌ಸೆಟ್ಟಿಗೆ ಮೂರು ಫೇಸ್ ಯಾವಾಗ ಬರುತ್ತದೆ ಅಂತ ಕಾಯುವ ರೈತರು ಈ ಜಿಲ್ಲೆಯಲ್ಲೇ ಇದ್ದಾರೆ.

ನನ್ನ ಹೊಲದ ಕೆಳಗೆ ಕಾಲುವೆ, ತಲೆ ಮೇಲೆ ತಂತಿ. ಎರಡೂ ನನ್ನದಲ್ಲ. ಈಗ ಮೂರನೆಯದಾಗಿ ಗಾಳಿ ಕೇಳಲು ಬಂದಿದ್ದಾರೆ.

ಬೀಗರ ಊರಿನ ಗುಡ್ಡ

ಮಗಳನ್ನು ಕೊಟ್ಟಿದ್ದು ಗಜೇಂದ್ರಗಡದ ಹತ್ತಿರದ ಒಂದು ಹಳ್ಳಿಗೆ. ಆ ಗುಡ್ಡದ ಸಾಲಿನ ಮೇಲೆ ಫ್ಯಾನುಗಳು ನಿಂತು ಬಹಳ ವರ್ಷ ಆಯಿತು. ಇತ್ತ ಕಪ್ಪತಗುಡ್ಡದ ಕಡೆ, ಅತ್ತ ಚಿತ್ರದುರ್ಗದ ಜೋಗಿಮಟ್ಟಿ ಕಡೆಯೂ ಇವೆ. ಬೀಗರು ನನ್ನನ್ನು ಒಂದು ಫ್ಯಾನಿನ ಬುಡಕ್ಕೇ ಕರೆದುಕೊಂಡು ಹೋದರು.

ದೂರದಿಂದ ಮಕ್ಕಳ ಗಿರಿಗಿಟ್ಲೆ ಕಂಡ ಹಾಗೆ ಕಾಣುತ್ತದೆ. ಹತ್ತಿರ ನಿಂತರೆ ಕುತ್ತಿಗೆ ನೋಯುತ್ತದೆ. ಈಗಿನ ಯಂತ್ರಗಳ ಕಂಬವೇ ನೂರು ಮೀಟರಿನ ಮೇಲೆ. ಯಾಕೆ ಅಷ್ಟು ಎತ್ತರ? ನಾವು ಕಣದಲ್ಲಿ ರಾಶಿ ತೂರುವಾಗ ನೆಲದ ಮೇಲೆ ನಿಂತು ತೂರುವುದಿಲ್ಲ, ಮೆಟ್ಟಿನ ಮೇಲೆ ಹತ್ತುತ್ತೇವೆ. ಮೇಲೆ ಗಾಳಿ ಜೋರು, ಅದೂ ಒಂದೇ ಸಮ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟು ಆಗುತ್ತದೆ. ಅದಕ್ಕೇ ಅವರಿಗೆ ದಿಬ್ಬ ಬೇಕು, ಗುಡ್ಡ ಬೇಕು. ಸೆಕೆಂಡಿಗೆ ಸುಮಾರು 3 ಮೀಟರ್ ಗಾಳಿ ಇದ್ದರೆ ರೆಕ್ಕೆ ದುಡಿಯಲು ಶುರು ಮಾಡುತ್ತದೆ. 12 ಮೀಟರ್ ಹೊತ್ತಿಗೆ ಪೂರ್ತಿ ದುಡಿಮೆ. 25 ದಾಟಿದರೆ ಮುರಿಯಬಾರದು ಅಂತ ತಾನೇ ನಿಲ್ಲುತ್ತದೆ. ನಮ್ಮಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ತನಕ, ಮುಂಗಾರಿನ ಗಾಳಿ ಬೀಸುವಾಗಲೇ ಅದರ ಸುಗ್ಗಿ.

ಬೀಗರು ಹೇಳಿದ ಮಾತು ಬಹಳ ಉಪಯೋಗದ್ದು. ಫ್ಯಾನು ಹಿಡಿಯುವ ಜಾಗ ದೊಡ್ಡದಲ್ಲ. ಸುತ್ತಲಿನ ಹೊಲದಲ್ಲಿ ಬಿತ್ತಬಹುದು, ದನ ಮೇಯಿಸಬಹುದು. ಅವರ ಪಕ್ಕದ ಹೊಲದಲ್ಲಿ ಫ್ಯಾನಿನ ಬುಡದ ತನಕ ಹೆಸರು ಬಿತ್ತಿದ್ದರು. ನಿಜವಾದ ತಂಟೆ ದಾರಿಯದು. ಒಂದೊಂದು ರೆಕ್ಕೆ ಹೊತ್ತ ಲಾರಿ ತಿರುಗಲು, ಕ್ರೇನ್ ಹೋಗಲು ಅಗಲವಾದ ದಾರಿ ಬೇಕು. "ಫ್ಯಾನು ಇನ್ನೊಬ್ಬರ ಹೊಲದಾಗ, ದಾರಿ ನನ್ನ ಹೊಲದಾಗ" ಅಂದರು. ದಾರಿ ಮಾಡುವಾಗ ಎರಡು ಒಡ್ಡು ಕಡಿದರು. ಮೋರಿ ಇಡಲಿಲ್ಲ. ಮೊದಲ ದೊಡ್ಡ ಮಳೆಗೆ ಗುಡ್ಡದ ನೀರೆಲ್ಲ ಆ ದಾರಿ ಹಿಡಿದು ಹೊಲಕ್ಕೆ ನುಗ್ಗಿ ಮೇಲ್ಮಣ್ಣು ತೊಳೆದುಕೊಂಡು ಹೋಯಿತು. ಒಡ್ಡು ಮತ್ತೆ ಹಾಕಿಸಿದ್ದು ಇವರ ಕೈಯಿಂದಲೇ. ಕರಾರಿನಲ್ಲಿ ಒಡ್ಡಿನ ಮಾತೇ ಇರಲಿಲ್ಲ.

ಫ್ಯಾನು ನಿಂತ ಹೊಲದವನು ಮಾರಿಯೇ ಬಿಟ್ಟಿದ್ದ, ಆಗಿನ ಬೆಲೆಗೆ. ಈಗ ಅವನ ಮಗ ಅದೇ ಫ್ಯಾನಿಗೆ ರಾತ್ರಿ ಕಾವಲುಗಾರ. ಊರಿನ ಇನ್ನಿಬ್ಬರು ಹುಡುಗರಿಗೂ ಕಾವಲು ಕೆಲಸ ಸಿಕ್ಕಿದೆ. ಅಷ್ಟು ಬಿಟ್ಟರೆ ಊರಿಗೆ ಆ ಕರೆಂಟಿನಿಂದ ಬೇರೇನೂ ಬಂದಿಲ್ಲ ಅಂತ ಬೀಗರ ಮಾತು.

ಪಾವಗಡದ ಲೆಕ್ಕ

ಪಾವಗಡದ್ದು ಗಾಳಿಯದಲ್ಲ, ಬಿಸಿಲಿನದು. ಆದರೂ ನಮಗೆ ಪಾಠ ಇದೆ. ತುಮಕೂರು ಜಿಲ್ಲೆಯ ಆ ಬರದ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಅನ್ನುವ ಐದು ಊರಿನ ಸುಮಾರು 13 ಸಾವಿರ ಎಕರೆ ಸೇರಿಸಿ ಸೋಲಾರ್ ಪಾರ್ಕ್ ಮಾಡಿದರು. 2018ರಲ್ಲಿ ಉದ್ಘಾಟನೆ ಆಯಿತು. ಸಾಮರ್ಥ್ಯ 2050 ಮೆಗಾವ್ಯಾಟ್. ಅಲ್ಲಿ ಭೂಮಿ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಒಬ್ಬೊಬ್ಬ ರೈತನ ಮನೆಗೆ ಏಜೆಂಟ್ ಹೋಗಿ ಬೇರೆ ಬೇರೆ ದರ ಮಾಡಲಿಲ್ಲ. ಸರ್ಕಾರದ ಸಂಸ್ಥೆಯೇ ಎಲ್ಲರಿಗೂ ಒಂದೇ ದರ ಕಟ್ಟಿತು. ಇದು ಒಳ್ಳೆಯ ಮಾತು.

ಅಲ್ಲಿ ಎರಡು ವರ್ಷ ವೈರಿಂಗ್ ಕೆಲಸ ಮಾಡಿ ಬಂದ ನಮ್ಮ ಓಣಿಯ ಹುಡುಗ ಇನ್ನೊಂದು ಮಗ್ಗಲು ಹೇಳಿದ. "ಕಾಕಾ, ಹೊಲ ಇದ್ದವರಿಗೆ ರೊಕ್ಕ ಬಂತು. ಆ ಹೊಲದಾಗ ಕೂಲಿ ಮಾಡವರಿಗೆ, ಕುರಿ ಮೇಸವರಿಗೆ ಏನೂ ಬರ್ಲಿಲ್ಲ." ಸೋಲಾರಿಗೆ ಬೇಲಿ ಬೀಳುತ್ತದೆ, ಒಳಗೆ ಒಂದು ಆಡೂ ಹೋಗುವಂತಿಲ್ಲ. ಫ್ಯಾನಿಗೂ ಸೋಲಾರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ನಮ್ಮ ಕಡೆ ಸುಗ್ಗಿ ಆದ ಮೇಲೆ ಕುರಿಗಾರರು ಬಂದು ಹೊಲದಲ್ಲಿ ಹಟ್ಟಿ ಹಾಕುತ್ತಾರೆ. ನಮಗೆ ಗೊಬ್ಬರ, ಅವರಿಗೆ ಮೇವು. ಬೇಲಿ ಬಿದ್ದರೆ ಈ ವ್ಯವಹಾರ ಮುರಿಯುತ್ತದೆ.

ಈಗ ನನ್ನ ಲೆಕ್ಕ. ಎಕರೆಗೆ 28 ಸಾವಿರ, ಮೂರು ವರ್ಷಕ್ಕೊಮ್ಮೆ ಶೇಕಡಾ 5 ಅಂದರೆ 28ನೇ ವರ್ಷಕ್ಕೆ ಸುಮಾರು 43,400 ಆಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಸಾಮಾನಿನ ಬೆಲೆ ವರ್ಷಕ್ಕೆ ಶೇಕಡಾ 5 ಏರುತ್ತದೆ ಅಂತ ಹಿಡಿಯಿರಿ. ಇವತ್ತು 28 ಸಾವಿರಕ್ಕೆ ಬರುವ ಸಾಮಾನಿಗೆ ಆಗ 1 ಲಕ್ಷ 4 ಸಾವಿರ ಬೇಕು. ಅಂದರೆ ಮೊಮ್ಮಗನ ಕೈಗೆ ಬರುವ ಗುತ್ತಿಗೆ ಇವತ್ತಿನದರ ಅರ್ಧಕ್ಕಿಂತ ಕಡಿಮೆ ಬೆಲೆಯದು. ಈ ಲೆಕ್ಕ ಮಾಡಲು ಏಳನೇ ಈಯತ್ತೆ ಸಾಕು. ಏಜೆಂಟ್ ಮಾಡಿ ತೋರಿಸುವುದಿಲ್ಲ, ಅಷ್ಟೇ.

ಇನ್ನೊಂದು ಲೆಕ್ಕ. ಎರಡು ಮೆಗಾವ್ಯಾಟಿನ ಒಂದು ಫ್ಯಾನು ವರ್ಷದಲ್ಲಿ ತನ್ನ ಪೂರ್ಣ ಶಕ್ತಿಯ ಕಾಲು ಭಾಗ ದುಡಿದರೂ ಸುಮಾರು 43 ಲಕ್ಷ ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಮೂರು ರೂಪಾಯಿ ಹಿಡಿದರೂ ಒಂದೂಕಾಲು ಕೋಟಿ ದಾಟುತ್ತದೆ. ಅದರಲ್ಲಿ ನನ್ನ ಪಾಲು 84 ಸಾವಿರ. ಕಂಪನಿಯವರು ಕೋಟಿಗಟ್ಟಲೆ ಬಂಡವಾಳ ಹಾಕುತ್ತಾರೆ, ಬಡ್ಡಿ ಕಟ್ಟುತ್ತಾರೆ, ನಷ್ಟದ ಭಯವೂ ಅವರದೇ. ಅದನ್ನು ಒಪ್ಪುತ್ತೇನೆ. ಆದರೂ ನೂರು ರೂಪಾಯಿಗೆ ಒಂದು ರೂಪಾಯಿಯೂ ಭೂಮಿಗೆ ಬೀಳದಿದ್ದರೆ ಕೇಳಬೇಕಾದ ಮಾತು ಉಳಿದಿದೆ ಅಂತ ಅರ್ಥ.

ಹಡಗಿನಾಚೆಯ ಒಂದು ಹಳ್ಳಿ

ನಮ್ಮ ತಮ್ಮನ ಮಗ ಇಂಜಿನಿಯರಿಂಗ್ ಓದಿದವನು. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವನು, "ದೊಡ್ಡಪ್ಪ, ಸ್ಕಾಟ್ಲೆಂಡಿನ ಫಿಂಟ್ರಿ ಅನ್ನೋ ಊರಿನ ಕಥಿ ಕೇಳು" ಅಂದ. ಗುಡ್ಡಗಳ ನಡುವೆ ಇರುವ ಏಳುನೂರರಷ್ಟು ಜನರ ಸಣ್ಣ ಊರು. ಹತ್ತಿರದ ಗುಡ್ಡದ ಮೇಲೆ 14 ಫ್ಯಾನು ನಿಲ್ಲಿಸುತ್ತೇವೆ ಅಂತ ಕಂಪನಿ ಬಂತು. ಆ ಊರಿನವರು ಬ್ಯಾಡ ಅಂತ ಜಗಳ ಮಾಡಲಿಲ್ಲ, ಕೊಟ್ಟಷ್ಟು ಇಸಗೊಂಡು ಸುಮ್ಮನೂ ಕೂರಲಿಲ್ಲ. "ನಿಮ್ಮ 14ರ ಜೋಡಿ ನಮ್ಮೂರಿಂದು ಒಂದು ನಿಲ್ಲಿಸ್ರಿ" ಅಂದರು. ಆ ಒಂದರ ಖರ್ಚಿಗೆ ಸಾಲ, ಅದು ದುಡಿದ ಕರೆಂಟಿನಿಂದಲೇ ಆ ಸಾಲದ ತೀರುವಳಿ. 2007ರಲ್ಲಿ 15 ಫ್ಯಾನು ತಿರುಗಿದವು. ಬಂದ ರೊಕ್ಕ ಹಂಚಿಕೊಳ್ಳಲಿಲ್ಲ. ಅಲ್ಲಿ ಚಳಿ ಬಹಳ. ಮನೆಯ ಕಾವು ಹೊರಗೆ ಹೋಗದ ಹಾಗೆ ಊರಿನ ಮನೆಗಳ ಗೋಡೆ, ಮಾಳಿಗೆಗೆ ಹೊದಿಕೆ ಮಾಡಿಸಿದರು. ಮನೆಮನೆಯ ಉರುವಲಿನ ಖರ್ಚು ಇಳಿಯಿತು. ಅದೇ ದೇಶದಲ್ಲಿ 1943ರಷ್ಟು ಹಿಂದೆಯೇ ಗುಡ್ಡಗಾಡಿನ ನೀರಿನಿಂದ ಕರೆಂಟು ಮಾಡಿ ಆ ಗುಡ್ಡಗಾಡಿನ ಜನಕ್ಕೂ ಮುಟ್ಟಿಸಲು ಒಂದು ಮಂಡಳಿ ಮಾಡಿದ್ದರಂತೆ.

ಅವರು ಶ್ರೀಮಂತ ದೇಶದವರು, ನಾವು ಬಡವರು ಅಂತ ನೀವು ಅನ್ನಬಹುದು. ಆದರೆ ಅವರು ಮಾಡಿದ ಮೊದಲ ಕೆಲಸಕ್ಕೆ ರೊಕ್ಕ ಬೇಕಿರಲಿಲ್ಲ. ಒಬ್ಬೊಬ್ಬರೇ ಸಹಿ ಹಾಕದೆ ಊರು ಒಂದಾಗಿ ಕೂತು ಮಾತಾಡಿದರು.

ನಮ್ಮಲ್ಲೂ ದಾರಿ ಇಲ್ಲದಿಲ್ಲ. 2019ರಲ್ಲಿ ಬಂದ ಪಿಎಂ-ಕುಸುಮ್ ಯೋಜನೆಯಲ್ಲಿ ರೈತರು, ರೈತರ ಗುಂಪು, ಸಹಕಾರ ಸಂಘ ತಮ್ಮ ಬರಡು ಭೂಮಿಯಲ್ಲಿ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನ ತನಕ ಸೋಲಾರ್ ಹಾಕಿ ಕರೆಂಟು ಮಾರಲು ಅವಕಾಶ ಇಟ್ಟಿದ್ದರು. ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬೇಕು. ಬಂಡವಾಳ ಒಬ್ಬನಿಗೆ ಆಗುವ ಮಾತಲ್ಲ, ಗುಂಪಿಗೆ ಆಗಬಹುದು.

ಸಹಿ ಹಾಕುವ ಮೊದಲು

ನಾಲ್ಕು ತಿಂಗಳಲ್ಲಿ ವಕೀಲರನ್ನು, ತಲಾಟಿಯನ್ನು, ಅನುಭವಸ್ಥರನ್ನು ಕೇಳಿ ನಾನು ಬರೆದಿಟ್ಟುಕೊಂಡ ಪಟ್ಟಿ ಇದು.

1. ಮಾರಬೇಡಿ. ಕೊಡುವುದಾದರೆ ಗುತ್ತಿಗೆ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಬರೀ ಬಾಂಡ್ ಪೇಪರ್ ಮೇಲಿನ ಸಹಿ ನಂಬಬೇಡಿ. ಕರಾರು ಕನ್ನಡದಲ್ಲಿ ಬರೆಸಿ, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.

2. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ. ನಿಮ್ಮ ಪಹಣಿ, ಮಂಜೂರಾತಿ ಕಾಗದ ಮೊದಲು ನೋಡಿಸಿ.

3. ಅಣ್ಣತಮ್ಮಂದಿರ ಹಿಸ್ಸೆ ಆಗಿರದಿದ್ದರೆ, ಅಕ್ಕತಂಗಿಯರ ಹಕ್ಕು ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ. ಆಮೇಲೆ ರೊಕ್ಕ ಬರುವಾಗ ಕೋರ್ಟು ಹತ್ತಬೇಡಿ.

4. ಏರಿಕೆ ವರ್ಷವರ್ಷ ಇರಲಿ, ಇಲ್ಲವೇ ಬೆಲೆ ಏರಿದಂತೆ ಏರುವ ಹಾಗೆ ಬರೆಸಿ. ಮೇಲಿನ ಲೆಕ್ಕ ನೆನಪಿಡಿ.

5. ದಾರಿ ಎಲ್ಲಿ, ಅಗಲ ಎಷ್ಟು, ಒಡ್ಡು ಕಡಿದರೆ ಯಾರು ಕಟ್ಟಬೇಕು, ಮೋರಿ ಎಷ್ಟು, ಇವೆಲ್ಲ ನಕ್ಷೆ ಸಮೇತ ಕರಾರಿನಲ್ಲಿ ಬರಲಿ.

6. ದೊಡ್ಡ ತಂತಿಯ ಟವರ್ ಬಂದರೆ ಪರಿಹಾರ ಕೇಳುವ ಹಕ್ಕು ಇದೆ. 66 ಕೆ.ವಿ. ಮತ್ತು ಮೇಲಿನ ಲೈನುಗಳಿಗೆ ಟವರಿನ ಬುಡಕ್ಕೆ ಭೂಮಿ ಬೆಲೆಯ ಶೇಕಡಾ 85, ತಂತಿ ಕೆಳಗಿನ ಪಟ್ಟಿಗೆ ಶೇಕಡಾ 15ರ ತನಕ ಅಂತ ಕೇಂದ್ರ ಸರ್ಕಾರ 2015ರಲ್ಲಿ ಮಾರ್ಗಸೂಚಿ ಮಾಡಿತ್ತು. 2024ರಲ್ಲಿ ಅದನ್ನು ಶೇಕಡಾ 200 ಮತ್ತು 30ಕ್ಕೆ ಏರಿಸಿತು. ಇದು ಮಾರ್ಗಸೂಚಿ, ಜಾರಿ ಮಾಡುವುದು ರಾಜ್ಯ. ಆದರೂ ಈ ಅಂಕಿ ಬಾಯಿಪಾಠ ಇದ್ದರೆ ಮಾತಾಡಲು ಧೈರ್ಯ ಬರುತ್ತದೆ.

7. ಯಂತ್ರ ಮುದಿಯಾದ ಮೇಲೆ ಬಿಚ್ಚಿ ಒಯ್ಯುವವರು ಯಾರು? ನೆಲದೊಳಗಿನ ಕಾಂಕ್ರೀಟು ತೆಗೆಯುವವರು ಯಾರು? ಅದಕ್ಕೆ ಠೇವಣಿ ಇಡಿಸಿ. ಕಂಪನಿ ಇನ್ನೊಂದು ಕಂಪನಿಗೆ ಮಾರಿದರೂ ಕರಾರು ನಿಲ್ಲಬೇಕು.

ಏಳನೆಯದನ್ನು ನಾನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, 2024ರ ಆಗಸ್ಟ್ 10ರ ರಾತ್ರಿ ನಮಗೆಲ್ಲ ನೆನಪಿದೆ. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ಗೇಟೇ ಕೊಚ್ಚಿ ಹೋಯಿತು. ತುಂಬಿದ ಡ್ಯಾಮಿನ ನೀರು ಕಣ್ಣೆದುರಿಗೇ ಹೊಳೆ ಸೇರಿತು. ಒಂದು ವಾರ ಕಾಲುವೆ ಕೆಳಗಿನ ರೈತರು ಉಸಿರು ಬಿಗಿ ಹಿಡಿದಿದ್ದರು. ಭತ್ತದ ಮಡಿ ಇಲ್ಲದ ನಾನೂ ನಿದ್ದೆ ಮಾಡಲಿಲ್ಲ, ಯಾಕಂದರೆ ಮಳೆ ಹೋದ ವರ್ಷ ನಮ್ಮ ಮನೆಯ ಕೂಲಿ ಆ ಗದ್ದೆಗಳಲ್ಲೇ. ಕಬ್ಬಿಣಕ್ಕೂ ವಯಸ್ಸಾಗುತ್ತದೆ. ನಿಲ್ಲಿಸುವಾಗ ಎಲ್ಲರೂ ಇರುತ್ತಾರೆ. ಮುದಿಯಾದಾಗ ಯಾರಿರುತ್ತಾರೆ ಅನ್ನುವುದನ್ನು ಕಾಗದದಲ್ಲೇ ಬರೆಸಬೇಕು.

ಈಗ ಎಲ್ಲಿಗೆ ಬಂತು

ದಿಬ್ಬದ ಸಾಲಿನಲ್ಲಿ ನನ್ನ ಹಾಗೆ ಇನ್ನೂ 14 ಮನೆಯವರ ಹೊಲ ಇದೆ. ವಿಚಾರಿಸಿದಾಗ ಗೊತ್ತಾಯಿತು, ಏಜೆಂಟ್ ಒಬ್ಬೊಬ್ಬರಿಗೆ ಒಂದೊಂದು ದರ ಹೇಳಿದ್ದ. ಒಬ್ಬರಿಗೆ 22, ಒಬ್ಬರಿಗೆ 25, ನನಗೆ 28. "ಯಾರ ಮುಂದೂ ಹೇಳಬ್ಯಾಡ್ರಿ" ಅಂತ ಎಲ್ಲರಿಗೂ ಹೇಳಿದ್ದ. ನಾವು ಹನುಮಪ್ಪನ ಗುಡಿ ಕಟ್ಟೆ ಮೇಲೆ ಎರಡು ಸಲ ಕೂಡಿದೆವು. ಇಬ್ಬರು ಆಗಲೇ ಅಡ್ವಾನ್ಸ್ ಇಸಗೊಂಡಿದ್ದಾರೆ. ಉಳಿದ 13 ಮನೆಯವರು ಒಂದೇ ದರ, ಒಂದೇ ಕರಾರು, ಮೇಲಿನ ಏಳು ಶರತ್ತು ಅಂತ ಒಪ್ಪಿದ್ದೇವೆ. ಊರ ಕೆರೆ ಹೂಳು ತೆಗೆಸಲು ವರ್ಷಕ್ಕೆ ಇಂತಿಷ್ಟು ಕೊಡಬೇಕು ಅನ್ನುವುದು ಎಂಟನೆಯದು.

ಮಗನಿಗೆ ಇನ್ನೂ ಸಿಟ್ಟು ಇದೆ. "ನೀವು ಶರತ್ತು ಹಾಕ್ಕೋತ ಕುಂತ್ರ ಅವರು ಮುಂದಿನ ಊರಿಗೆ ಹೋಗ್ತಾರ" ಅನ್ನುತ್ತಾನೆ. ಹೋಗಬಹುದು. ಆ ಭಯ ನನಗೂ ಇದೆ. ಈ ಮುಂಗಾರಿಗೆ ಅವನು ಬೆಂಗಳೂರಿಗೆ ಹೋಗದೆ ಉಳಿಯಲು ನನ್ನ ಹತ್ತಿರ ಬೇರೆ ದಾರಿ ಇಲ್ಲ. ಆದರೆ ಮುಂದಿನ ಊರಿನವರೂ ಇದೇ ಎಂಟು ಶರತ್ತು ಹೇಳಿದರೆ ಅವರು ಎಲ್ಲಿಗೆ ಹೋಗುತ್ತಾರೆ? ಗಾಳಿ ಇರುವುದು ನಮ್ಮ ದಿಬ್ಬಗಳ ಮೇಲೆ ತಾನೆ?

ಸದ್ಯ ಮಸಾರಿ ಹೊಲ ಹರಗಿ ಇಟ್ಟಿದ್ದೇನೆ. ಮಳೆ ಬಿದ್ದರೆ ಸಜ್ಜೆ ಬಿತ್ತುತ್ತೇನೆ. ನಿಮ್ಮಲ್ಲಿ ಯಾರಾದರೂ ಆಗಲೇ ಫ್ಯಾನಿಗೋ ಸೋಲಾರಿಗೋ ಹೊಲ ಕೊಟ್ಟಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಗುತ್ತಿಗೆ ರೊಕ್ಕ ಹೇಳಿದ ದಿನಕ್ಕೆ ಬರುತ್ತದೆಯೇ, ಒಡ್ಡು ಉಳಿದಿವೆಯೇ, ಪಹಣಿಯಲ್ಲಿ ಏನು ಬರೆದಿದ್ದಾರೆ, ಬ್ಯಾಂಕಿನವರು ಬೆಳೆಸಾಲಕ್ಕೆ ಏನು ಅನ್ನುತ್ತಾರೆ, ಇಷ್ಟು ತಿಳಿಸಿದರೆ ಸಾಕು. ಒಳ್ಳೆಯದಾಗಿದ್ದರೆ ಅದನ್ನೂ ಬರೆಯಿರಿ. ನಮ್ಮ 13 ಮನೆಯವರು ಗುಡಿ ಕಟ್ಟೆ ಮೇಲೆ ಕೂತು ಓದಿಸಿ ಕೇಳುತ್ತೇವೆ.